ಎರಡನೇ ಸಾಲು ತೆಗಿ

ಕಥೆಗಾರನಿಗೆ ಆ ವಾರ ಯಾರ ಮುಖ ಕಂಡರೂ ಸಿಟ್ಟು. ಹಾಲಿನವನ ಮುಖ ಕಂಡರೆ ಸಿಟ್ಟು, ಕನ್ನಡಿಯಲ್ಲಿ ತನ್ನ ಮುಖ ಕಂಡರೆ ಇನ್ನೂ ಸಿಟ್ಟು. ಹನ್ನೊಂದು ಕಾದಂಬರಿ ಬರೆದ ಮನುಷ್ಯ ಹನ್ನೆರಡನೆಯದರ ಕೊನೆಯ ಅಧ್ಯಾಯಕ್ಕೆ ಬಂದು ಮೊಂಡು ಕತ್ತೆಯ ಹಾಗೆ ನಿಂತುಬಿಟ್ಟಿದ್ದ. ಅವನು ಬರೆಯುವುದು ಪ್ರೇಮಕಥೆ, ಗಂಡಸರಿಬ್ಬರ ಪ್ರೇಮಕಥೆ. ಒಬ್ಬ ಊರು ಬಿಟ್ಟು ಹೊರಟಿದ್ದಾನೆ, ಇನ್ನೊಬ್ಬ ಓಡಿಬಂದು ತಡೆಯಬೇಕು. ಅಷ್ಟೇ ತಾನೆ? ಹನ್ನೊಂದು ಪುಸ್ತಕದಲ್ಲೂ ಯಾರೋ ಯಾರನ್ನೋ ತಡೆದಿದ್ದಾರೆ. ಬಸ್ ನಿಲ್ದಾಣದಲ್ಲಿ ತಡೆದಿದ್ದಾರೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ತಡೆದಿದ್ದಾರೆ, ಒಮ್ಮೆಯಂತೂ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತವನನ್ನು ತಡೆದಿದ್ದಾರೆ. ಈಗ ನೋಡಿದರೆ ಒಬ್ಬನ ಬಾಯಿಂದಲೂ ಒಂದು ಮಾತು ಹೊರಡಲೊಲ್ಲದು.

ಬರೆಯುವುದಕ್ಕೆ ಅವನದೇ ಒಂದು ಪದ್ಧತಿ. ಕೂತರೆ ನಿದ್ದೆ ಬರುತ್ತದೆ ಎಂದು ನಿಂತೇ ಬರೆಯುತ್ತಾನೆ, ಅದೂ ಇಸ್ತ್ರಿ ಮಾಡುವ ಮೇಜಿನ ಮುಂದೆ. ಹೀಗಾಗಿ ಆ ಮನೆಯಲ್ಲಿ ಇಸ್ತ್ರಿ ಕಂಡ ಅಂಗಿ ಒಂದೂ ಇಲ್ಲ. ಪೆನ್ನು ಒಗ್ಗದು, ಪೆನ್ಸಿಲ್ಲೇ ಆಗಬೇಕು. ಬರೆಯದಿದ್ದಾಗ ಅದು ಕಿವಿಯ ಮೇಲೆ. ಬೆಳಿಗ್ಗೆ ಎದ್ದವನೇ ನಿನ್ನೆ ಬರೆದದ್ದನ್ನು ಓದಿ, ಥೂ ಎಂದು ಅರ್ಧ ಹೊಡೆದುಹಾಕಿ, ಉಳಿದರ್ಧವನ್ನು ಮಧ್ಯಾಹ್ನದವರೆಗೆ ಎಳೆದಾಡುತ್ತಾನೆ. ಇವನು ಪ್ರೇಮ ಉಕ್ಕಿ ಹರಿದು ಬರೆಯುತ್ತಾನೆ ಎಂದು ತಿಳಿದ ಓದುಗರು ಆ ಹೊತ್ತಿನಲ್ಲಿ ಒಂದು ಸಲ ಬಂದು ನೋಡಬೇಕು. ಥೇಟು ಹಲ್ಲುನೋವಿನವನ ಮುಖ.

ಇಷ್ಟಕ್ಕೇ ಮುಗಿದಿದ್ದರೆ ಜೊತೆಯಲ್ಲಿದ್ದವರು ಹೇಗೋ ಸಹಿಸಬಹುದಿತ್ತು. ಆದರೆ ಪಾತ್ರಗಳ ಮಾತನ್ನು ಒಂದು ಜೀವಂತ ಕಿವಿಗೆ ಹಾಕಿ ನೋಡದೆ ಕಾಗದಕ್ಕೆ ಇಳಿಸುವ ಜಾತಿಯಲ್ಲ ಅವನು. ಆ ಕಿವಿ ಲಿಫ್ಟಣ್ಣನದು. ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಬೀದಿಯವರು ಇಟ್ಟ ಹೆಸರು. ಕಥೆಗಾರನ ಜೊತೆ ಅವನು ಬಾಳುವೆ ಮಾಡುತ್ತಿರುವುದು ಮೊದಲನೇ ಕಾದಂಬರಿಗಿಂತಲೂ ಹಿಂದಿನಿಂದ. ಇಬ್ಬರೂ ಇರುವುದು ಕಥೆಗಾರನ ಅಕ್ಕನ ಮನೆಯ ಮಹಡಿಯಲ್ಲಿ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅಕ್ಕನಿಗೆ ಇವರಿಬ್ಬರ ವಿಷಯ ತಿಳಿದ ದಿನ ಅವಳು ಕಣ್ಣು ಕೆಂಪಗಾಗುವಷ್ಟು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಲಿಫ್ಟಣ್ಣನನ್ನು ಕರೆದು, ಕೆಟ್ಟುಕೂತಿದ್ದ ನೀರಿನ ಮೋಟಾರು ತೋರಿಸಿದಳು. ಅಂದಿನಿಂದ ಅವನು ಮನೆಯವನೇ.

“ಇದು ಕಥೆಯದು, ಕೇಳು” ಎಂದು ಮೊದಲೇ ಹೇಳಿದರೆ ಲಿಫ್ಟಣ್ಣ ಕೈಕಟ್ಟಿ, ಮುಖ ಬಿಗಿದು, ಸ್ಕೂಲಿಗೆ ಬಂದ ಇನ್ಸ್‌ಪೆಕ್ಟರನ ಹಾಗೆ ಕೂತುಬಿಡುತ್ತಿದ್ದ. ಅದರಿಂದ ಏನು ಪ್ರಯೋಜನ? ಹಾಗಾಗಿ ಕಥೆಗಾರ ಮುನ್ಸೂಚನೆ ಕೊಡುವುದನ್ನೇ ಬಿಟ್ಟ. ಲಿಫ್ಟಣ್ಣ ಹಲ್ಲುಜ್ಜುತ್ತಿದ್ದರೆ ಬೆನ್ನ ಹಿಂದೆ ಬಂದು “ನಿನ್ನ ಬಿಟ್ರೆ ನಂಗೆ ಯಾರಿದ್ದಾರೆ?” ಅನ್ನುವುದು. ಸ್ನಾನಕ್ಕೆ ಹೋಗಿದ್ದರೆ ಬಾಗಿಲಿಗೆ ಬಾಯಿ ಇಟ್ಟು “ನಿನ್ನ ನೋಡದ ದಿನ ದಿನಾನೇ ಅಲ್ಲ” ಅನ್ನುವುದು. ಮೊದಮೊದಲು ಪಾಪ, ಆ ಮನುಷ್ಯ ಸೋಪಿನ ನೊರೆಯ ಸಮೇತ ಬಾಗಿಲು ತೆಗೆದು, ಕಣ್ಣು ತುಂಬಿಕೊಂಡು, “ನಂಗೂ ಅಷ್ಟೇ ಕಣೋ” ಅಂದದ್ದುಂಟು. ಆಗ ಈ ಮಹಾನುಭಾವ ಕಿವಿಯಿಂದ ಪೆನ್ಸಿಲ್ ತೆಗೆದು, “ಹಾಂ, ಅದೇ! ಅದೇ ತರ ಇನ್ನೊಂದ್ಸಲ ಹೇಳು” ಎಂದು ಬರೆದುಕೊಂಡದ್ದೂ ಉಂಟು. ಹೀಗೆ ಕೆಲವು ಸಲ ಆದ ಮೇಲೆ ಲಿಫ್ಟಣ್ಣ ಪಳಗಿದ. ಈಗ ಮಾತು ಬಿದ್ದರೆ ತಲೆಯನ್ನೇ ಎತ್ತದೆ ತೀರ್ಪು ಕೊಡುತ್ತಿದ್ದ. “ಸಕ್ಕರೆ ಜಾಸ್ತಿ.” “ಗಂಡಸು ಹಾಗೆ ಮಾತಾಡಲ್ಲ.” “ಉದ್ದ ಆಯ್ತು, ಅಷ್ಟರಲ್ಲಿ ಬಸ್ಸು ಹೋಗಿರುತ್ತೆ.”

ಬರೀ ಮಾತೊಂದೇ ಅಲ್ಲ. ಒಂದೇ ಕೊಡೆಯ ಕೆಳಗೆ ಇಬ್ಬರು ಎತ್ತರದ ಗಂಡಸರು ಅಪ್ಪಿಕೊಂಡರೆ ಮೊಣಕೈ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಎದ್ದಾಗ, ಕೋಣೆಯ ನಡುವೆ ಕೊಡೆ ಬಿಚ್ಚಿ ಲಿಫ್ಟಣ್ಣನನ್ನು ನಿಲ್ಲಿಸಿ ಅಳತೆ ನೋಡಿದ್ದ. ಆ ಹೊತ್ತಿಗೆ ಸರಿಯಾಗಿ ಅಕ್ಕ ಪಾತ್ರೆ ವಾಪಸು ಕೊಡಲು ಮಹಡಿ ಹತ್ತಿ ಬಂದಳು. ಒಂದು ಗಳಿಗೆ ನೋಡಿದಳು. “ಮಾಡು ಸೋರ್ತಾ ಇದೆಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾತ್ರೆ ಇಟ್ಟು ಹೋದಳು.

ಹೀಗಿರುವಾಗ ಲಿಫ್ಟಣ್ಣನ ಕಂಪನಿ ಬಂದರಿನ ಊರಿನಲ್ಲಿ ಹೊಸ ಶಾಖೆ ತೆಗೆಯಲು ಹೊರಟಿತು. ಅದರ ಉಸ್ತುವಾರಿಗೆ ಅವನನ್ನೇ ಕರೆಯಿತು. ಅವನು ಹೋಗಿ ನೋಡಿಕೊಂಡು ಬಂದ. ಬಂದವನು ಬಾಗಿಲ ಬಳಿ ಕೂತು ಬೂಟು ಬಿಚ್ಚುತ್ತ, ನೆಲ ನೋಡಿಕೊಂಡೇ ಹೇಳಿದ: “ಕಂಪನಿ ಮನೆ ತೋರಿಸಿದ್ರು. ಎರಡೇ ಕೋಣೆ. ಆದ್ರೆ ಒಂದು ಕಿಟಕಿ ಇದೆ ನೋಡು, ಹಡಗು ಬರೋದು ಹೋಗೋದು ಎಲ್ಲಾ ಕಾಣುತ್ತೆ. ಅದರ ಪಕ್ಕ ಒಂದು ಮೇಜು ಹಿಡಿಸುತ್ತೆ. ನಿಂತ್ಕೊಂಡು ಬರೆಯೋರಿಗೆ ಅಂತಾನೇ ಮಾಡಿಸಿದ ಹಾಗಿದೆ ಜಾಗ.”

ಕಥೆಗಾರನ ಕಿವಿ ನೆಟ್ಟಗಾಯಿತು. ಕಾದಂಬರಿಯ ನಾಯಕ ನಕ್ಷೆ ಬರೆಯುವ ಕೆಲಸದವನು. ಅವನನ್ನೂ ಬಂದರಿನ ಊರಿಗೆ ಕಳಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಎಲ್ಲಿಂದ ಬಂತು ಆ ಊರು ಎಂದು ಬೇರೆ ಹೇಳಬೇಕಾಗಿಲ್ಲ.

“ಎಷ್ಟು ಚೆನ್ನಾಗಿದೆಯಲ್ಲೋ! ತಡಿ, ತಡಿ. ಕಿಟಕಿ ಆದ್ಮೇಲೆ ಏನಂದೆ?”

“ಮೇಜು.”

“ಆಹಾ! ಮೇಜು!” ಎಂದು ಕಥೆಗಾರ ಇಸ್ತ್ರಿ ಮೇಜಿನತ್ತ ಓಡಿದ. ಲಿಫ್ಟಣ್ಣ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಎದ್ದು ಒಳಗೆ ಹೋದ.

ಬರೆದಷ್ಟು ಅಧ್ಯಾಯಗಳನ್ನು ಓದಿದ ಸಂಪಾದಕಿ ಫೋನು ಮಾಡಿದಳು. ಅವಳು ಒಳ್ಳೆಯ ಹೆಂಗಸೇ, ಆದರೆ ಜಿಗಣೆಯ ಹಾಗೆ ಹಿಡಿದರೆ ಬಿಡುವವಳಲ್ಲ. “ಆ ಕಿಟಕಿ ಪಕ್ಕದ ಮೇಜಿನ ಮಾತು ಓದಿ ಕಣ್ಣಲ್ಲಿ ನೀರು ಬಂತು ಸರ್. ಕೊನೇ ಅಧ್ಯಾಯ ಯಾವಾಗ ಕೊಡ್ತೀರಿ?”

“ಕೊಡ್ತೀನಿ ಮೇಡಂ.”

“ತಡೆಯೋ ದೃಶ್ಯ ಜೋರಾಗಿರ್ಲಿ ಸರ್. ಸ್ವಲ್ಪ ನೋವು ಹಾಕಿ.”

ಉಪ್ಪು ಹಾಕಿ ಅಂದ ಹಾಗೆ! ಫೋನು ಇಟ್ಟು ಕಥೆಗಾರ ತಲೆ ತಲೆ ಚಚ್ಚಿಕೊಂಡ.

ಶನಿವಾರ ಅಕ್ಕ ಅವನನ್ನು ಮೆಟ್ಟಿಲ ಮೇಲೆ ಹಿಡಿದಳು. ರಾತ್ರಿ ಪಾಳಿ ಮುಗಿಸಿ ಬಂದವಳು, ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

“ಅವನು ಸೋಮವಾರ ಕಂಪನಿಗೆ ಉತ್ತರ ಕೊಡ್ಬೇಕಂತೆ. ನೀನೇನು ಹೇಳ್ದೆ?”

“ನಿನ್ನಿಷ್ಟ ಅಂದೆ.”

“ನಿನ್ನಿಷ್ಟ!” ಅಕ್ಕ ಕೈಚೀಲವನ್ನು ಮೆಟ್ಟಿಲ ಮೇಲೆ ಕುಕ್ಕಿದಳು. “ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ ಕಣೋ. ಪುಸ್ತಕದಲ್ಲಿ ಪುಟಗಟ್ಟಲೆ ಹೋಗಬೇಡ ಹೋಗಬೇಡ ಅಂತ ಬೊಬ್ಬೆ ಹೊಡಿಸ್ತೀಯ. ಮನೇಲಿರೋನಿಗೆ ನಿನ್ನಿಷ್ಟ! ಅವನು ಹೋದ್ರೆ ಇರ್ತೀಯಾ ನೀನು?”

“ಇರಲ್ಲ” ಎಂದ ಕಥೆಗಾರ. ನಿಜವಾಗಿ ಇರಲಾರ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸ್ವಂತದ ಮಾತೆಂದರೆ ಅವನ ನಾಲಿಗೆ ಹಲಗೆ.

“ಹಾಗಂತ ಅವನಿಗೆ ಹೇಳು. ನಂಗಲ್ಲ.”

ಭಾನುವಾರ ಲಿಫ್ಟಣ್ಣ ನೆಲದ ಮೇಲೆ ಹಳೇ ಪೇಪರು ಹಾಸಿಕೊಂಡು ತನ್ನ ಸ್ಪ್ಯಾನರುಗಳಿಗೆ ಎಣ್ಣೆ ಸವರುತ್ತಿದ್ದ. ಕಥೆಗಾರ ಬಾಗಿಲಿಗೆ ಆತುಕೊಂಡು ನಿಂತ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹನ್ನೊಂದು ಪುಸ್ತಕದಲ್ಲಿ ಎಷ್ಟೋ ಜನರ ಎದೆಯನ್ನು ಹೀಗೆ ಡವಗುಟ್ಟಿಸಿದ್ದನಲ್ಲ, ಅವರೆಲ್ಲ ಇಷ್ಟು ಕಷ್ಟಪಟ್ಟಿದ್ದರು ಎಂದು ಅವನಿಗೆ ಗೊತ್ತೇ ಇರಲಿಲ್ಲ.

“ಹೋಗಬೇಡ ಕಣೋ” ಎಂದ. “ನೀನು ಮೆಟ್ಟಿಲು ಹತ್ತೋ ಸದ್ದು ಕೇಳದೆ ನಂಗೆ ಸಂಜೆ ಆಯ್ತು ಅಂತಾನೇ ಅನ್ನಿಸಲ್ಲ.”

ಲಿಫ್ಟಣ್ಣ ಸ್ಪ್ಯಾನರನ್ನು ಬೆಳಕಿಗೆ ಹಿಡಿದು ನೋಡಿದ. “ಎರಡನೇ ಸಾಲು ತೆಗಿ” ಎಂದ. “ಹಳೇ ಪುಸ್ತಕದಲ್ಲಿ ಬಂದಿದೆ. ಮೊದಲನೇದು ಸಾಕು.”

ಇಲ್ಲಿ, ಇದೇ ಜಾಗದಲ್ಲಿ, ತಲೆ ಇದ್ದ ಯಾವ ಮನುಷ್ಯನಾದರೂ “ಲೋ, ಇದು ಕಥೆಯದಲ್ಲ” ಅನ್ನುತ್ತಿದ್ದ. ಕಥೆಗಾರ ಏನಂದ ಗೊತ್ತೆ?

“ಯಾವ ಪುಸ್ತಕದಲ್ಲಿ?” ಅಂದ.

“ಏಳನೇದು. ಆ ವೈದ್ಯ ಹೇಳ್ತಾನಲ್ಲ.”

“ವೈದ್ಯ ಹೇಳಿದ್ದು ಬಾಗಿಲ ಸದ್ದು. ಇದು ಮೆಟ್ಟಿಲು.”

“ಬಾಗಿಲಾದ್ರೇನು, ಮೆಟ್ಟಿಲಾದ್ರೇನು, ಸದ್ದು ಸದ್ದೇ.”

“ಅದು ಹೇಗಾಗುತ್ತೆ?” ಎಂದು ಕಥೆಗಾರ ಏಳನೆಯ ಪುಸ್ತಕ ತೆಗೆದು ಹುಡುಕಲು ಕೂತ. ಇಬ್ಬರೂ ಪುಟ ತಿರುವಿದರು, ವಾದ ಮಾಡಿದರು. ಕೊನೆಗೆ ಸಿಕ್ಕಿತು, ಲಿಫ್ಟಣ್ಣ ಹೇಳಿದ್ದೇ ಸರಿ, ಮೆಟ್ಟಿಲೇ ಇತ್ತು. ಹೊಟ್ಟೆ ಉರಿದುಹೋಯಿತು ಕಥೆಗಾರನಿಗೆ. ಆ ಉರಿಯಲ್ಲೇ ಹೋಗಿ ಕೊನೆಯ ಅಧ್ಯಾಯದ ಹಾಳೆಯ ಮೇಲೆ ‘ಹೋಗಬೇಡ ಕಣೋ’ ಎಂದಷ್ಟೇ ಬರೆದ. ಎರಡನೇ ಸಾಲು ಇಲ್ಲದೆ ನಿಜಕ್ಕೂ ಚೆನ್ನಾಗಿ ಕಂಡಿತು. ಚೆನ್ನಾಗಿ ಕಂಡಿತೆಂದು ಒಂದು ನಿಮಿಷ ಖುಷಿಯನ್ನೂ ಪಟ್ಟ! ಹೇಳಬೇಕಾದದ್ದು ಹೇಳಿಯೇ ಇಲ್ಲ ಎಂದು ಹೊಳೆಯುವ ಹೊತ್ತಿಗೆ ಲಿಫ್ಟಣ್ಣ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು, ಕೆಟ್ಟ ಲಿಫ್ಟೊಂದರ ಕರೆ ಬಂತೆಂದು ಹೊರಟುಹೋಗಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇಂಥವರನ್ನು ನೋಡಿಯೇ.

ಸೋಮವಾರ ಸಂಜೆ ಲಿಫ್ಟಣ್ಣ ಬಂದು ನೀರು ಕುಡಿದು ಲೋಟ ಇಟ್ಟ.

“ಹೂಂ ಅಂದೆ” ಎಂದ.

“ಯಾವುದಕ್ಕೆ?”

“ಬಂದರಿಗೆ. ಯಾರೂ ಬೇಡ ಅನ್ಲಿಲ್ಲವಲ್ಲ.”

“ನಾನಂದ್ನಲ್ಲ! ನಿನ್ನೆ! ಹೋಗಬೇಡ ಅಂತ ಬಾಯಿ ಬಿಟ್ಟು ಅಂದ್ನಲ್ಲ!”

“ಅದು ಪುಸ್ತಕದ್ದು.”

“ಪುಸ್ತಕದ್ದಲ್ಲವೋ!”

“ಹಾಗಾದ್ರೆ ಎರಡನೇ ಸಾಲು ತೆಗೆದು ಬರ್ಕೊಂಡೆ ಯಾಕೆ?”

ಕಥೆಗಾರ ಆದರೂ ಬಿಡಲಿಲ್ಲ. “ನಿನ್ನಾಣೆಗೂ” ಎಂದು ಶುರುಮಾಡಿದ. “ಅದು ಐದನೇದು” ಎಂದ ಲಿಫ್ಟಣ್ಣ. ಕಥೆಗಾರ ಕೈ ಹಿಡಿದುಕೊಳ್ಳಲು ಹೋದ. “ಇದು ಎರಡನೇದರ ಕೊನೆ” ಎಂದ ಲಿಫ್ಟಣ್ಣ. ಕುಹಕದಿಂದ ಅಂದದ್ದಲ್ಲ, ಸುಸ್ತಾದವನ ದನಿಯಲ್ಲಿ, ನಿಜವಾಗಿ ನೆನಪಿಸಿಕೊಂಡು ಅಂದ. ಅದೇ ಹೆಚ್ಚು ಸುಟ್ಟಿತು. ಪ್ರೀತಿಯ ಮಾತೆಂದು ಇದ್ದದ್ದನ್ನೆಲ್ಲ ಕಥೆಗಾರ ಹನ್ನೊಂದು ಪುಸ್ತಕಕ್ಕೆ ಸುರಿದುಬಿಟ್ಟಿದ್ದ. ಮನೆಯವನಿಗೆಂದು ಒಂದು ಹಿಡಿಯನ್ನೂ ಎತ್ತಿಟ್ಟಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ!

ಆ ವಾರವೆಲ್ಲ ಇಬ್ಬರ ನಡುವೆ “ಊಟ ಆಯ್ತಾ”, “ಆಯ್ತು”, ಅಷ್ಟೇ. ಲಿಫ್ಟಣ್ಣ ಟ್ರಂಕು ಕೆಳಗಿಳಿಸಿ ಧೂಳು ಒರೆಸಿದ. ಕಥೆಗಾರ ಇಸ್ತ್ರಿ ಮೇಜಿನ ಮುಂದೆ ನಿಂತು ಒಂದಕ್ಷರ ಬರೆಯದೆ ಪೆನ್ಸಿಲ್ ಚೂಪು ಮಾಡಿ ಮಾಡಿ ಬೆರಳುದ್ದಕ್ಕೆ ತಂದ. ಪುಸ್ತಕದೊಳಗಿನ ಆ ನಕ್ಷೆಯವನು ಬಂದರಿಗೆ ಹೊರಟು ಇನ್ನೂ ಪೆಟ್ಟಿಗೆ ಹಿಡಿದು ನಿಂತೇ ಇದ್ದ. ಸಂಪಾದಕಿ ಮೂರು ಹೊತ್ತೂ ಫೋನು ಮಾಡುತ್ತಿದ್ದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಲಿಫ್ಟಣ್ಣ ಬಟ್ಟೆ ಮಡಚಿಡುತ್ತಿದ್ದ. ಮಡಚುವುದೇನು ಬಂತು, ಉಂಡೆ ಕಟ್ಟಿ ತುರುಕುತ್ತಿದ್ದ. ಸ್ನಾನ ಮಾಡಿ ಬಂದ ಒದ್ದೆ ಟವೆಲ್ ಎಂದಿನಂತೆ ಹಾಸಿಗೆಯ ಮೇಲೆ ಬಿದ್ದಿತ್ತು. ಅದನ್ನು ಕಂಡದ್ದೇ ತಡ, ಕಥೆಗಾರನ ತಲೆ ಕೆಟ್ಟುಹೋಯಿತು.

“ಹೋಗು! ಹೋಗು ಮಹರಾಯ! ಅಲ್ಲೂ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿ ಅದರ ಮೇಲೇ ಮಲಗು! ಯಾರು ಎತ್ತುತ್ತಾರೆ ನೋಡ್ತೀನಿ! ಒಂದು ದಿನಾನಾದ್ರೂ ಡಬ್ಬಿ ಮುಚ್ಚಳ ನೆಟ್ಟಗೆ ಮುಚ್ಚಿದ್ದೀಯಾ? ಎತ್ತಿದ್ರೆ ಮುಚ್ಚಳ ಕೈಲಿ, ಸಕ್ಕರೆ ನೆಲದ ಮೇಲೆ! ಗೊರಕೆ ಬೇರೆ! ಥೂ, ಮನುಷ್ಯರು ಹೊಡೆಯೋ ಗೊರಕೇನಾ ಅದು? ಅದನ್ನ ಕೇಳಿ ಕೇಳಿ ನನ್ನ ಗತಿ ಏನಾಗಿದೆ ಗೊತ್ತಾ? ಅದು ನಿಂತ್ರೆ ಎಚ್ಚರ ಆಗುತ್ತೆ ನಂಗೆ! ಎದ್ದು ಕೂತು, ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ, ಇದ್ದೀಯೋ ಇಲ್ವೋ ಅಂತ! ಅಲ್ಲಿ ಯಾರು ನೋಡ್ತಾರೆ? ಸತ್ರೆ ಯಾರಿಗೆ ಗೊತ್ತಾಗುತ್ತೆ? ನಾನಿಲ್ಲಿ ಕೂತು ರಾತ್ರಿಯೆಲ್ಲ ಏನು ಕೇಳ್ಲಿ, ಗೋಡೆ ಗೊರಕೆ ಹೊಡೆಯುತ್ತಾ? ಒಂದ್ಸಲ, ಒಂದೇ ಒಂದ್ಸಲ, ನೀನೂ ಬಾರೋ ಅಂತ ಬಾಯಿ ಮಾತಿಗಾದ್ರೂ ಕರೆದ್ಯಾ ನನ್ನ?”

ಕೆಳಗಿನಿಂದ ಅಕ್ಕ ಪೊರಕೆಯ ಹಿಡಿಯಿಂದ ಚಾವಣಿಗೆ ಧಡಧಡ ಗುದ್ದಿದಳು; ರಾತ್ರಿ ಪಾಳಿಯವಳು ಮಲಗಿದ್ದಳು. ಕಥೆಗಾರ ಟವೆಲ್ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತಿದ್ದ. ಮೂಗು ಸೋರುತ್ತಿತ್ತು.

“ಕರೆದೆ” ಎಂದ ಲಿಫ್ಟಣ್ಣ.

“ಯಾವಾಗ? ಸುಳ್ಳು ಹೇಳಬೇಡ.”

“ಕಿಟಕಿ ಪಕ್ಕ ಮೇಜು ಹಿಡಿಸುತ್ತೆ ಅಂದೆ.” ಅವನು ಕೈಯಲ್ಲಿದ್ದ ಅಂಗಿಯನ್ನು ಟ್ರಂಕಿನೊಳಗೆ ಇಟ್ಟ. “ದಾರಿ ಉದ್ದಕ್ಕೂ ಯೋಚನೆ ಮಾಡ್ಕೊಂಡು ಬಂದಿದ್ದೆ, ಹೇಗೆ ಕೇಳೋದು ಅಂತ. ನಂಗೆ ನಿನ್ನ ಹಾಗೆ ಮಾತು ಬರಲ್ಲ. ಬಂದಷ್ಟು ಹೇಳ್ದೆ. ನೀನು ಅದನ್ನ ತಗೊಂಡು ಹೋಗಿ ಆ ನಕ್ಷೆಯವನಿಗೆ ಕೊಟ್ಟೆ.”

ಕಥೆಗಾರ ಹಾಸಿಗೆಯ ಮೇಲೆ ಕುಸಿದ. ನೆನಪಾಯಿತು: ಬಾಗಿಲ ಬಳಿ ಕೂತವನು, ನೆಲ ನೋಡುತ್ತಿದ್ದವನು, ಕೈಯಲ್ಲೊಂದು ಬೂಟು. ‘ಆಹಾ, ಮೇಜು’ ಎಂದು ತಾನು ಓಡಿದ್ದು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು, ಅಷ್ಟು ನಾಚಿಕೆಯಾಯಿತು. ತಪ್ಪಾಯ್ತು ಅನ್ನಬೇಕೆನ್ನಿಸಿತು. ಅದು ಎಷ್ಟನೇ ಪುಸ್ತಕವೋ ಎಂದು ಹೆದರಿ ಸುಮ್ಮನಾದ.

“ಆ ಗೊರಕೆ ಮಾತು” ಎಂದ ಲಿಫ್ಟಣ್ಣ ನಿಧಾನವಾಗಿ. “ಎದ್ದು ಮೂಗಿನ ಹತ್ರ ಕೈ ಇಡ್ತೀಯ ಅಂದೆಯಲ್ಲ. ಅದು ಪುಸ್ತಕದ್ದಾ?”

“ಅಂಥ ದರಿದ್ರ ಮಾತನ್ನ ಯಾವನು ಪುಸ್ತಕಕ್ಕೆ ಹಾಕ್ತಾನೆ? ನನ್ನ ನಾಯಕರು ಯಾರೂ ಗೊರಕೆ ಹೊಡೆಯಲ್ಲ.”

“ದಿನಾ ನೋಡ್ತೀಯಾ?”

“ದಿನಾ ಯಾಕೆ ನೋಡ್ಲಿ? ನಿಂತಾಗ ನೋಡ್ತೀನಿ.” ಕಥೆಗಾರ ಆ ಒದ್ದೆ ಟವೆಲಿನಲ್ಲೇ ಮೂಗು ಒರೆಸಿಕೊಂಡ.

ಲಿಫ್ಟಣ್ಣ ಟ್ರಂಕಿನ ಪಕ್ಕ ನೆಲದ ಮೇಲೆ ಕೂತ. ಅವನ ಕಣ್ಣು ತುಂಬಿತ್ತು, ನೊರೆ ಮೆತ್ತಿಕೊಂಡು ಸ್ನಾನದ ಮನೆಯಿಂದ ಹೊರಗೆ ಬಂದಿದ್ದನಲ್ಲ, ಆಗಿನ ಹಾಗೆ. ಕಥೆಗಾರನ ಕೈ ತಾನೇ ತಾನಾಗಿ ಕಿವಿಯತ್ತ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು. ಅದನ್ನು ಮುಟ್ಟಿದವನು, ಬೆಂಕಿ ಮುಟ್ಟಿದ ಹಾಗೆ ಕೈ ಕೆಳಗಿಳಿಸಿದ.

“ಬರ್ತೀಯಾ?” ಎಂದು ಕೇಳಿದ ಲಿಫ್ಟಣ್ಣ.

“ಬರ್ತೀನಿ. ನಿನ್ನ ಬಿಟ್ಟು ನಾನು ಈ ಮನೇಲಿ...”

“ಎರಡನೇದು ತೆಗಿ. ಮೊದಲನೇದು ಸಾಕು.”

ಗಲಾಟೆಗೆ ನಿದ್ದೆ ಕೆಟ್ಟು ಅಕ್ಕ ಕೂದಲು ಕೆದರಿಕೊಂಡೇ ಮೇಲೆ ಬಂದಳು. ಟ್ರಂಕಿನೊಳಗೆ ಈಗ ಇಬ್ಬರ ಅಂಗಿಯೂ ಬೀಳುತ್ತಿರುವುದನ್ನು ನೋಡಿದಳು. “ಇಸ್ತ್ರಿ ಮೇಜು ಮುಟ್ಟಬೇಡಿ. ಅದು ನಂದು” ಎಂದಳು. “ಇಷ್ಟು ವರ್ಷ ಆದ್ಮೇಲೆ ನಾನೂ ಒಂದು ಸೀರೆ ಇಸ್ತ್ರಿ ಮಾಡಿ ಉಟ್ಕೋತೀನಿ.” ಮೆಟ್ಟಿಲಿಳಿಯುವಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಫೋನು. ಸಂಪಾದಕಿ. “ಸರ್, ಕೊನೇ ಅಧ್ಯಾಯ...”

“ಅದಿರ್ಲಿ ಮೇಡಂ. ಮೊದಲು ಕಿಟಕಿ ಪಕ್ಕದ ಮೇಜು ಇದೆಯಲ್ಲ, ಆ ಮಾತು ತೆಗೀರಿ.”

“ಅಯ್ಯೋ, ಏನ್ ಸರ್ ಇದು! ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿರೋದು!”

“ಗೊತ್ತು. ತೆಗೀರಿ.”

“ಮತ್ತೆ ಆ ನಕ್ಷೆಯವನು ಎಲ್ಲಿಟ್ಕೊಂಡು ಕೆಲಸ ಮಾಡ್ಬೇಕು ಸರ್?” ಅವಳ ದನಿ ಅಳುವ ಹಾಗಾಗಿತ್ತು.

“ಬೇಕಾದ್ರೆ ನೆಲದ ಮೇಲೆ ಕೂತು ಮಾಡ್ಲಿ” ಎಂದ ಕಥೆಗಾರ. “ಆ ಮೇಜು ನಂದು ಮೇಡಂ.”